ಸಂಪಿನ ಪಕ್ಕ ಸೇರಿಕೊಂಡಿರುವ ದೊಡ್ಡ ಕಪ್ಪೆಯನ್ನು ಏನು ಮಾಡೋದು?

ಹೊಸಮನೆ_ಶಶಿ
ನಮಸ್ಕಾರ. ಮೈಸೂರಿನ ಹೊರಗೆ ಒಂದು ಬಡಾವಣೆಯಲ್ಲಿ ಮನೆ ಕಟ್ಟಿ ಒಂದೂವರೆ ವರ್ಷ ಆಯಿತು. ಸುತ್ತ ಇನ್ನೂ ಅರ್ಧಕ್ಕರ್ಧ ಖಾಲಿ ಸೈಟು, ಹಿಂದುಗಡೆ ರಾಗಿ ಹೊಲ. ಸಂಪಿನ ಪಕ್ಕ ಜೋಡಿಸಿಟ್ಟ ಹಳೇ ಹೆಂಚುಗಳ ಸಂದಿಯಲ್ಲಿ ಒಂದು ಭಾರೀ ಕಪ್ಪೆ ಸೇರಿಕೊಂಡಿದೆ. ಭಾರೀ ಅಂದರೆ ನನ್ನ ಅಂಗೈ ಸಾಲದು. ಮೈಯೆಲ್ಲ ಗುಳ್ಳೆ, ಕಣ್ಣಿನ ಮೇಲೆ ಕಾಡಿಗೆ ತೀಡಿದ ಹಾಗೆ ಕಪ್ಪು ಏಣು. ಜಾಸ್ತಿ ನೆಗೆಯುವುದೂ ಇಲ್ಲ. ಸಂಜೆ ಏಳಾಯಿತೆಂದರೆ ಗೇಟಿನ ದೀಪದ ಕೆಳಗೆ ಬಂದು ಮನೆ ಯಜಮಾನನ ಹಾಗೆ ಕೂರುತ್ತದೆ.

ಇಷ್ಟು ದಿನ ನಮಗೂ ಅದಕ್ಕೂ ಏನೂ ತಕರಾರಿರಲಿಲ್ಲ. ಮೊನ್ನೆ ಭಾನುವಾರ ರಾತ್ರಿ ನಮ್ಮ ನಾಯಿ ಕರಿಯ ಅದನ್ನು ಬಾಯಲ್ಲಿ ಕಚ್ಚಿದ. ಎರಡೇ ನಿಮಿಷ, ಬಾಯಿ ತುಂಬ ನೊರೆ. ತಲೆ ಕೊಡವುತ್ತಾ ಅಂಗಳವೆಲ್ಲ ಸುತ್ತಿದ. ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಬೆಳಿಗ್ಗೆ ಕರೆದುಕೊಂಡು ಬನ್ನಿ ಅಂತ ಇಟ್ಟೇಬಿಟ್ಟರು. ಪುಣ್ಯಕ್ಕೆ ಬೆಳಗಾಗುವ ಹೊತ್ತಿಗೆ ಸರಿಹೋದ. ಕಪ್ಪೆಗೂ ಏನೂ ಆಗಿಲ್ಲ, ಮಾರನೇ ಸಂಜೆ ಅದೇ ಜಾಗ, ಅದೇ ಗತ್ತು.

ಈಗ ಮನೆಯಲ್ಲಿ ಎರಡು ಪಕ್ಷ. ನಮ್ಮತ್ತೆ ಉಪ್ಪು ಹಾಕಿ ಓಡಿಸು ಅನ್ನುತ್ತಾರೆ. ಮಗಳು ಅದಕ್ಕೆ ಹೆಸರಿಟ್ಟುಬಿಟ್ಟಿದ್ದಾಳೆ, ಮುಟ್ಟಿದರೆ ಊಟ ಬಿಡುತ್ತಾಳಂತೆ. ಪಕ್ಕದ ಮನೆಯವರು ಕಪ್ಪೆ ಇದ್ದರೆ ಹಾವು ಬರುತ್ತೆ ಅಂತ ಹೆದರಿಸಿದ್ದಾರೆ. ಚೀಲದಲ್ಲಿ ಹಾಕಿ ದೂರದ ಕೆರೆಗೆ ಬಿಟ್ಟು ಬರಲಾ?

ಗದ್ದೆಬದು
ಅದು ನೆಲಗಪ್ಪೆ. ಬಿಟ್ಟುಬಿಡಿ ಪಾಪ.

ಚುಕ್ಕಿಚಿಟ್ಟೆ
ಉಪ್ಪು ಮಾತ್ರ ಬೇಡ!! ಕಪ್ಪೆ ನೀರು ಕುಡಿಯುವುದು ಬಾಯಿಂದ ಅಲ್ಲ, ಚರ್ಮದಿಂದ. ಹೊಟ್ಟೆಯ ಕೆಳಗಿನ ತೆಳು ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂತರೆ ಸಾಕು, ನೀರು ಒಳಗೆ ಇಳಿಯುತ್ತದೆ. ಅಂಥ ಚರ್ಮಕ್ಕೆ ಉಪ್ಪು ಎರಚಿದರೆ ಬದುಕಿದ್ದಂತೆಯೇ ಉಪ್ಪಿನಕಾಯಿ ಹಾಕಿದ ಹಾಗೆ. ಫಿನಾಯಿಲ್, ಬ್ಲೀಚಿಂಗ್ ಪೌಡರೂ ಅಷ್ಟೇ. ಅತ್ತೆಗೆ ಸಮಾಧಾನವಾಗಿ ಹೇಳಿ.

ಹಟ್ಟಿ_ಡಾಕ್ಟ್ರು
ನಾನು ಪಶುವೈದ್ಯ, ಹಳ್ಳಿ ಕಡೆ ಕೆಲಸ. ಮಳೆಗಾಲದಲ್ಲಿ ಇಂಥ ಕೇಸು ಬರುತ್ತಲೇ ಇರುತ್ತವೆ. ನೆಲಗಪ್ಪೆಯ ಕಣ್ಣಿನ ಹಿಂದೆ ಎರಡು ಕಡೆ ಉಬ್ಬಿದ ಗ್ರಂಥಿ ಇರುತ್ತದೆ, ಹುರುಳಿಕಾಯಿಬೀಜ ಅಂಟಿಸಿದ ಹಾಗೆ. ಒತ್ತಿದರೆ ಬಿಳಿ ಹಾಲಿನಂಥ ಅಂಟು ಬರುತ್ತದೆ. ಅದೇ ವಿಷ. ಕಪ್ಪೆ ತಾನಾಗಿ ಬಂದು ಯಾರಿಗೂ ಚುಚ್ಚುವುದಿಲ್ಲ, ಕಚ್ಚಿದವರ ಬಾಯಿಗೆ ಹೋಗುತ್ತದೆ ಅಷ್ಟೇ.

ನಾಯಿ ಕಚ್ಚಿದ ಕೂಡಲೇ ಮಾಡಬೇಕಾದದ್ದು: ತಲೆಯನ್ನು ಕೆಳಮುಖ ಮಾಡಿ ಹಿಡಿದು ಬಾಯಿಯನ್ನು ಪಕ್ಕದಿಂದ ನೀರು ಹಾಯಿಸಿ ತೊಳೆಯಿರಿ. ನೀರು ಹೊರಗೆ ಹರಿಯಬೇಕು, ಗಂಟಲಿಗೆ ಇಳಿಯಬಾರದು. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸುತ್ತಾ ಇರಿ. ಹಾಲು, ಎಣ್ಣೆ, ಅರಿಶಿನ ಏನೂ ಕುಡಿಸಬೇಡಿ, ವಾಂತಿ ಮಾಡಿಸಲೂ ಹೋಗಬೇಡಿ. ಬರೀ ಜೊಲ್ಲು, ನೊರೆ ಆದರೆ ಸಾಮಾನ್ಯವಾಗಿ ಇಳಿಯುತ್ತದೆ. ಓಲಾಡುವುದು, ಫಿಟ್ಸು, ಎದೆಬಡಿತ ಏರುಪೇರು, ಬಿದ್ದುಬಿಡುವುದು ಇದ್ದರೆ ಬೆಳಿಗ್ಗೆ ತನಕ ಕಾಯುವ ಮಾತೇ ಇಲ್ಲ. ಈ ವಿಷ ಹೃದಯದ ಮೇಲೆ ಕೆಲಸ ಮಾಡುತ್ತದೆ, ನಾವು ಹೃದ್ರೋಗಕ್ಕೆ ಕೊಡುವ ಡಿಗಾಕ್ಸಿನ್ ತರಹವೇ. ಚಿಕ್ಕ ನಾಯಿ, ಮರಿಗಳಿಗೆ ಅಪಾಯ ಜಾಸ್ತಿ.

ಮತ್ತೆ, ನಿಮ್ಮ ಕರಿಯ ಪಾಠ ಕಲಿತಿರಬಹುದು ಅಂತ ನಂಬಬೇಡಿ. ಕೆಲವು ನಾಯಿಗಳಿಗೆ ಒಂದು ಸಲ ಸಾಕು. ಕೆಲವಕ್ಕೆ ವರ್ಷಕ್ಕೆ ನಾಲ್ಕು ಸಲ ಆದರೂ ಬುದ್ಧಿ ಬರುವುದಿಲ್ಲ.

ಹೊಸಮನೆ_ಶಶಿ
ಡಾಕ್ಟ್ರೇ, ನಾವು ಗಾಬರಿಯಲ್ಲಿ ಹಾಲು ಕುಡಿಸಿಬಿಟ್ಟಿದ್ದೆವು. ಇನ್ನು ಮುಂದೆ ಪೈಪು ಹಿಡಿದು ನಿಲ್ಲುತ್ತೇನೆ.

ಪುಟ್ಟಿ_ಹಾಸನ
ಮುಟ್ಟಿದರೆ ನರಹುಲಿ ಆಗುತ್ತೆ ಅಂತಾರಲ್ಲ, ಅದು ನಿಜಾನಾ? ನನ್ನ ತಮ್ಮನಿಗೆ ಆಗಿತ್ತು.

ಚುಕ್ಕಿಚಿಟ್ಟೆ
ಇಲ್ಲ ಪುಟ್ಟಿ. ನರಹುಲಿ ಬರುವುದು ಒಂದು ವೈರಸ್ಸಿನಿಂದ, ಮನುಷ್ಯರಿಂದ ಮನುಷ್ಯರಿಗೆ. ಕಪ್ಪೆ ಮೈ ಮೇಲಿನದು ಗ್ರಂಥಿಗಳು. ನಿಮ್ಮ ತಮ್ಮನಿಗೆ ಕ್ಲಾಸಿನಲ್ಲಿ ಪಕ್ಕ ಕೂತವನಿಂದ ಬಂದಿರುತ್ತೆ. ಆದರೆ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಉರಿ ಖಂಡಿತ. ಸೋಪು ಹಾಕಿ ತೊಳೆದುಕೊಂಡರೆ ಮುಗಿಯಿತು.

ತೆಂಕಣಗಾಳಿ
ನಮ್ಮ ಅಜ್ಜಿ ಇದನ್ನು ಗೊಂಕರು ಕಪ್ಪೆ ಅನ್ನುತ್ತಿದ್ದರು.

ಗದ್ದೆಬದು
ಗೊಂಕರು ಕಪ್ಪೆ ಬೇರೆ ಮಾರಾಯ್ರೆ. ಮೊದಲ ಮಳೆಗೆ ಗದ್ದೆಯಲ್ಲಿ ನಿಂಬೆಹಣ್ಣಿನ ಬಣ್ಣ ಬಂದು, ಕೆನ್ನೆ ನೀಲಿ ಮಾಡಿಕೊಂಡು ಎಮ್ಮೆ ಹಾಗೆ ಕೂಗುವುದು ಅದು. ನುಣ್ಣಗಿರುತ್ತದೆ, ಮಾರುದ್ದ ನೆಗೆಯುತ್ತದೆ. ಇದು ಒರಟು ಮೈ, ಕುಂಟುನಡಿಗೆ. ಕೂಗಿದರೆ ಕ್ರರ್ರ್ರ್ ಅಂತ ಒಂದೇ ಸಮನೆ, ಹಳೇ ಸ್ಕೂಟರ್ ಸ್ಟಾರ್ಟ್ ಆಗದೇ ಇರುವ ಹಾಗೆ.

ತೆಂಕಣಗಾಳಿ
ನಮ್ಮ ಅಜ್ಜಿ ಎರಡಕ್ಕೂ ಅದನ್ನೇ ಅನ್ನುತ್ತಿದ್ದರು, ನಾನೇನು ಮಾಡಲಿ 😄

ಮೇಷ್ಟ್ರು_ಬಯಾಲಜಿ
ಹೆಸರಿನ ಜಗಳಕ್ಕೆ ನಾನೂ ಬಂದೆ. ಪಿಯುಸಿಗೆ ಪಾಠ ಮಾಡಿ ನಿವೃತ್ತನಾದವನು. ಶಶಿಯವರ ವರ್ಣನೆ ನೋಡಿದರೆ ಅನುಮಾನವೇ ಇಲ್ಲ. ತಲೆಯ ಮೇಲಿನ ಕಪ್ಪು ಏಣು, ಗುಳ್ಳೆಗಳ ತುದಿಯಲ್ಲಿ ಕಪ್ಪು ಚುಕ್ಕಿ, ಇದು ನಮ್ಮ ಸಾಮಾನ್ಯ ನೆಲಗಪ್ಪೆ. 1799ರಲ್ಲಿ ಶ್ನೈಡರ್ ಎಂಬ ಜರ್ಮನ್ ವಿದ್ವಾಂಸ ಹೆಸರಿಟ್ಟ. ಮೆಲನೋಸ್ಟಿಕ್ಟಸ್ ಅಂದರೆ ಕಪ್ಪು ಚುಕ್ಕಿಯದು ಅಂತಲೇ ಅರ್ಥ. ನಾವು ಓದುವಾಗ ಬೂಫೋ ಮೆಲನೋಸ್ಟಿಕ್ಟಸ್ ಆಗಿತ್ತು. 2006ರಲ್ಲಿ ಕುಲದ ಹೆಸರು ಡಟ್ಟಾಫ್ರೈನಸ್ ಅಂತ ಬದಲಾಯಿತು. ಒಡಿಶಾದ ಕಪ್ಪೆ ವಿಜ್ಞಾನಿ ಸುಶೀಲ್ ಕುಮಾರ್ ದತ್ತ ಅವರ ಗೌರವಕ್ಕೆ. ಎಲ್ಲರ ಹಿತ್ತಲಲ್ಲೂ ಕೂತಿರುವ ಪ್ರಾಣಿಗೆ ನಮ್ಮವರೊಬ್ಬರ ಹೆಸರು ಸೇರಿದ್ದು ನನಗೆ ಬಹಳ ಖುಷಿ.

ದೊಡ್ಡದಿದ್ದರೆ ಅದು ಹೆಣ್ಣು, ಯಜಮಾನ ಅಲ್ಲ, ಯಜಮಾನಿ. ದೊಡ್ಡ ಹೆಣ್ಣು ಸುಮಾರು 15 ಸೆಂ.ಮೀ. ಮುಟ್ಟುತ್ತದೆ. ಗಂಡು ಚಿಕ್ಕದು, ಮಳೆಗಾಲದಲ್ಲಿ ಅದರ ಗಂಟಲು ಹಳದಿ ಇಲ್ಲವೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮಿಲನದ ಸಮಯದಲ್ಲಿ ಗಂಡುಗಳ ಮೈಯೇ ನಿಂಬೆ ಬಣ್ಣಕ್ಕೆ ಬರುವುದೂ ಉಂಟು, ಒಂದೆರಡು ದಿನದಲ್ಲಿ ಮತ್ತೆ ಮಣ್ಣಿನ ಬಣ್ಣ. ಗಡಿಬಿಡಿಯಲ್ಲಿ ಒಂದು ಗಂಡು ಇನ್ನೊಂದು ಗಂಡನ್ನೇ ತಬ್ಬಿಬಿಡುತ್ತದೆ. ಆಗ ಸಿಕ್ಕಿಹಾಕಿಕೊಂಡದ್ದು ಚಿಕ್ಕದಾಗಿ ಕೂಗುತ್ತದೆ. ಬಿಡೋ ಮಾರಾಯ, ನಾನೂ ಗಂಡೇ ಅಂತ.

ಇನ್ನೊಂದು. ಇದರ ಬಾಯಲ್ಲಿ ಹಲ್ಲೇ ಇಲ್ಲ. ನಿಮ್ಮ ಗದ್ದೆ ಕಪ್ಪೆಗೆ ಮೇಲ್ದವಡೆಯಲ್ಲಿ ಪುಟ್ಟ ಹಲ್ಲುಗಳಿರುತ್ತವೆ, ನೆಲಗಪ್ಪೆಗಳ ಕುಟುಂಬಕ್ಕೆ ಮೊದಲಿಂದಲೂ ಇಲ್ಲ. ಗಂಡಿನ ವೃಷಣದ ಪಕ್ಕ ಬಿಡ್ಡರನ ಅಂಗ ಅಂತ ಒಂದು ಇರುತ್ತದೆ, ಬೆಳೆಯದೇ ಉಳಿದ ಅಂಡಾಶಯ ಅನ್ನಿ. ವೃಷಣ ತೆಗೆದರೆ ಅದು ಅಂಡಾಶಯವಾಗಿ ಬೆಳೆಯುತ್ತದೆ! ಇದನ್ನು ಹೇಳಿದ ದಿನ ಕೊನೇ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಸುಮ್ನೆ_ನೋಡುವವ
ಮೇಷ್ಟ್ರೇ, ಈ ಕಪ್ಪೆಯನ್ನೇ ಅಲ್ವಾ ನೀವು ಟ್ರೇಗೆ ಗುಂಡುಸೂಜಿ ಚುಚ್ಚಿ ಕತ್ತರಿಸಿಸುತ್ತಿದ್ದದ್ದು?

ಮೇಷ್ಟ್ರು_ಬಯಾಲಜಿ
ಹೌದು. ಕಪ್ಪೆ, ನೆಲಗಪ್ಪೆ, ಸಿಕ್ಕಿದ್ದು. ಮಳೆ ಬಂದ ರಾತ್ರಿ ಅಟೆಂಡರ್ ಗೋಣಿಚೀಲ ಹಿಡಿದು ಹೋಗುತ್ತಿದ್ದ. ಕ್ಲೋರೋಫಾರ್ಮಿನ ವಾಸನೆ ಈಗಲೂ ಮೂಗಿನಲ್ಲಿದೆ. ಯುಜಿಸಿ 2014ರಲ್ಲಿ ಪದವಿ ತರಗತಿಗಳಲ್ಲೂ ಪ್ರಾಣಿ ಛೇದನ ಬೇಡ ಅಂದಿತು. ನನಗೆ ಅದರಿಂದ ಬೇಸರ ಏನೂ ಆಗಲಿಲ್ಲ. ಮೂವತ್ತು ವರ್ಷದಲ್ಲಿ ನಾನು ಕತ್ತರಿಸಿಸಿದ ಕಪ್ಪೆಗಳ ಲೆಕ್ಕ ಹಾಕಲು ಹೋಗುವುದಿಲ್ಲ.

ಅಪ್ಪನ_ಡೈರಿ
ಕಪ್ಪೆ ಲ್ಯಾಬು ಅಂದಾಗ ನೆನಪಾಯಿತು. ನಮ್ಮಪ್ಪ 60ರ ದಶಕದಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದರು. ಆಗ ಹೆಂಗಸರು ಬಸುರಿಯೋ ಅಲ್ಲವೋ ನೋಡಲು ಗಂಡು ನೆಲಗಪ್ಪೆ ಬೇಕಿತ್ತಂತೆ. ಹೆಂಗಸಿನ ಮೂತ್ರವನ್ನು ಕಪ್ಪೆಗೆ ಚುಚ್ಚಿ, ಕೆಲವು ಗಂಟೆ ಬಿಟ್ಟು ಕಪ್ಪೆಯ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ವೀರ್ಯಾಣು ಕಂಡರೆ ಸಿಹಿ ಸುದ್ದಿ. ಅರ್ಜೆಂಟೀನಾದ ಗಾಲ್ಲಿ ಮೈನಿನಿ 1947ರಲ್ಲಿ ಕಂಡುಹಿಡಿದ ವಿಧಾನ. ಅಮ್ಮ ತಮಾಷೆಗೆ ನಿನ್ನ ವಿಷಯ ನನಗಿಂತ ಮೊದಲು ಕಪ್ಪೆಗೆ ಗೊತ್ತಿತ್ತು ಅನ್ನುತ್ತಿದ್ದಳು.

ಪುಟ್ಟಿ_ಹಾಸನ
ಇದು ಈ ಚರ್ಚೆಯ ಬೆಸ್ಟ್ ಕಾಮೆಂಟ್.

ಧಾರವಾಡದ_ಪೇಡೆ
ನಮ್ಮೂರಿನ ಮಾತು ಯಾರೂ ಎತ್ತಲಿಲ್ಲ ನೋಡ್ರಿ. ಈ ಕಪ್ಪೆಯ ಮರಿಗಳ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ಸೈದಾಪುರ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಳೆನೀರಿನ ಹೊಂಡದಲ್ಲಿ ಕಪ್ಪು ಗೊದಮೊಟ್ಟೆಗಳು ಗುಂಪು ಗುಂಪಾಗಿ ಓಡಾಡುವುದು ನೋಡಿರಬೇಕಲ್ಲ, ಆ ಗುಂಪಿನಲ್ಲಿ ಯಾರು ಯಾರು ಇರುತ್ತಾರೆ ಅನ್ನುವುದು ಅವರ ಪ್ರಶ್ನೆ. ತೊಟ್ಟಿಯ ಒಂದು ತುದಿಯಲ್ಲಿ ಒಡಹುಟ್ಟಿದವು, ಇನ್ನೊಂದು ತುದಿಯಲ್ಲಿ ಬೇರೆ ತಾಯಿಯವು, ನಡುವೆ ಒಂದು ಗೊದಮೊಟ್ಟೆ ಬಿಟ್ಟು ನೋಡಿದರು. ಅದು ತನ್ನವರ ಕಡೆಯೇ ಹೆಚ್ಚು ಹೊತ್ತು ಇರುತ್ತದೆ. 2000ದಲ್ಲೇ ಪ್ರಕಟವಾದ ಕೆಲಸ. ಸಾಸಿವೆಯಷ್ಟು ಮಿದುಳು, ಅಣ್ಣತಮ್ಮಂದಿರು ಯಾರು ಅಂತ ಗೊತ್ತು. ನಮ್ಮ ಮನೆಯಲ್ಲಿ ಆಸ್ತಿ ಪಾಲಾದ ಮೇಲೆ ಅದೂ ಗೊತ್ತಾಗವಲ್ದು.

ಗಂಟುಮೂಟೆ
ಪೇಡೆ ಅವರೇ, ಮೊಟ್ಟೆ ಹಾರದ ಹಾಗೆ ಇರುತ್ತೆ ಅಲ್ವಾ? ಹೋದ ವರ್ಷ ನಮ್ಮ ಟೆರೇಸಿನ ತಾವರೆ ತೊಟ್ಟಿಯಲ್ಲಿ ಕಪ್ಪು ಮಣಿ ಪೋಣಿಸಿದ ಉದ್ದ ದಾರ ಸಿಕ್ಕಿತ್ತು. ಕಪ್ಪೆ ಟೆರೇಸಿಗೆ ಹೇಗೆ ಹತ್ತಿತು ಅಂತ ಈಗಲೂ ಅರ್ಥ ಆಗಿಲ್ಲ.

ಧಾರವಾಡದ_ಪೇಡೆ
ಹೌದ್ರಿ, ಅದೇ. ಲೋಳೆಯ ದಾರ, ಒಳಗೆ ಸಾವಿರಾರು ಕಪ್ಪು ಮೊಟ್ಟೆ, ನೀರಿನ ಗಿಡಕ್ಕೆ ಸುತ್ತಿರುತ್ತದೆ. ಬೇರೆ ಕಪ್ಪೆಗಳದು ಮುದ್ದೆಯಾಗಿಯೋ ಬಿಡಿಬಿಡಿಯಾಗಿಯೋ ಇರುತ್ತದೆ. ಟೆರೇಸಿಗೆ ಮೆಟ್ಟಿಲು ಇದೆಯಲ್ಲ, ಹತ್ತಿರಬೇಕು. ಕಾಲು ಗಿಡ್ಡ, ಹಟ ಉದ್ದ.

ಹಟ್ಟಿ_ಡಾಕ್ಟ್ರು
ಮೊಟ್ಟೆಯ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಮೊಟ್ಟೆಯಲ್ಲೂ ವಿಷ ಇರುತ್ತದೆ. ಲಾವೋಸ್‌ನಲ್ಲಿ ಇದೇ ಜಾತಿಯ ನೆಲಗಪ್ಪೆ ತಿಂದು ಮಕ್ಕಳು ಸತ್ತ ಪ್ರಕರಣಗಳು ವೈದ್ಯಕೀಯ ಪತ್ರಿಕೆಯಲ್ಲಿ ಬಂದಿವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಶಶಿಯವರೇ, ಸಂಪಿನ ಮುಚ್ಚಳ ಸರಿಯಾಗಿ ಕೂರುತ್ತದಾ ನೋಡಿ. ಸಂದಿ ಇದ್ದರೆ ಜಾಲರಿ ಹಾಕಿಸಿ.

ಅಡಕೆ_ಅಣ್ಣಪ್ಪ
ತೀರ್ಥಹಳ್ಳಿ ಕಡೆಯವನು. ಇವರೆಲ್ಲ ಕಪ್ಪೆಯನ್ನು ಓಡಿಸುವ ಮಾತಾಡುತ್ತಿದ್ದಾರೆ, ನಾನು ತರುವ ಯೋಚನೆಯಲ್ಲಿದ್ದೇನೆ. ಮೇ, ಜೂನ್ ಮಳೆಗೆ ಬೇರುಹುಳದ ದುಂಬಿ ಮುಸ್ಸಂಜೆ ನೆಲದಿಂದ ಏಳುತ್ತದೆ. ಆ ಹೊತ್ತಿಗೆ ತೋಟದಲ್ಲಿ ನೆಲಗಪ್ಪೆ ಕೂತು ಒಂದೊಂದೇ ನುಂಗುವುದು ನೋಡಲು ಎರಡು ಕಣ್ಣು ಸಾಲದು. ಗೆದ್ದಲು, ಇರುವೆ, ಜಿರಲೆ ಏನೂ ಬಿಡುವುದಿಲ್ಲ. ಹುಳ ಅಲ್ಲಾಡಬೇಕು ಅಷ್ಟೇ, ಅಲ್ಲಾಡದೇ ಇದ್ದರೆ ಮೂಗಿನ ಮುಂದೆ ಇದ್ದರೂ ಕಾಣಿಸುವುದಿಲ್ಲ ಅದಕ್ಕೆ. ನಾವು ಮೊದಲು ಬೇರುಹುಳಕ್ಕೆ ಫೋರೇಟ್ ಗುಳಿಗೆ ಹಾಕುತ್ತಿದ್ದೆವು. ಹಾಕಿದ ಮಾರನೇ ದಿನ ತೋಟದಲ್ಲಿ ಎರೆಹುಳ, ಕಪ್ಪೆ ಎಲ್ಲ ಹೊಟ್ಟೆ ಮೇಲೆ ಮಾಡಿ ಬಿದ್ದಿರುತ್ತಿದ್ದವು. 2020ರ ಕೊನೆಗೆ ಅದು ಪೂರ್ತಿ ನಿಷೇಧ ಆಯಿತು. ಈಗ ಕಪ್ಪೆ ಮತ್ತೆ ಕಾಣುತ್ತಿವೆ, ಆದರೆ ಸಾಲದು. ಬೇರೆ ಕಡೆಯಿಂದ ಒಂದು ಐವತ್ತು ಹಿಡಿದು ತಂದು ಬಿಟ್ಟರೆ ಹೇಗೆ? ಶಶಿಯವರದು ಕೊಟ್ಟರೂ ಆದೀತು.

ಟೌನ್ಸ್‌ವಿಲ್_ಗೌಡ
ಅಣ್ಣಪ್ಪಣ್ಣ, ಸ್ವಲ್ಪ ತಡೆಯಿರಿ. ನಾನು ಮಂಡ್ಯದವನು, ಈಗ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿದ್ದೇನೆ. ಇಲ್ಲೂ ಕಬ್ಬು, ಅಲ್ಲೂ ಕಬ್ಬು, ನಮ್ಮ ಹಣೆಬರಹ. ನೀವು ಹೇಳಿದ ಯೋಚನೆಯನ್ನೇ ಇಲ್ಲಿಯವರು 1935ರಲ್ಲಿ ಮಾಡಿದರು. ಕಬ್ಬಿನ ಬೇರು ತಿನ್ನುವ ಹುಳದ ಕಾಟ. ಹವಾಯಿಯಿಂದ ಸುಮಾರು ನೂರು ಕೇನ್ ಟೋಡ್ ತಂದು, ಗಾರ್ಡನ್‌ವೇಲ್ ಊರಿನ ಹತ್ತಿರ ಮರಿ ಮಾಡಿಸಿ, ಗದ್ದೆಗಳಿಗೆ ಬಿಟ್ಟರು. ದಕ್ಷಿಣ, ಮಧ್ಯ ಅಮೆರಿಕದ ಕಪ್ಪೆ ಅದು, ಕಬ್ಬಿನ ಕಪ್ಪೆ ಅನ್ನಬಹುದು. ಏನಾಯಿತು? ದುಂಬಿ ಮೇಲೆ ಎಲೆ ತಿನ್ನುತ್ತಾ ಕೂತಿತು, ಹುಳ ಮಣ್ಣಿನೊಳಗೆ ಇತ್ತು, ಕಪ್ಪೆ ನಡುವೆ ನೆಲದ ಮೇಲೆ. ಹತ್ತಲೂ ಬರದು, ಅಗೆಯಲೂ ಬರದು. ದುಂಬಿಗೆ ಏನೂ ಆಗಲಿಲ್ಲ. ಕಪ್ಪೆ ಮಾತ್ರ ಒಂದು ಸಲಕ್ಕೆ ಸಾವಿರಾರು ಮೊಟ್ಟೆ ಇಟ್ಟು ಉತ್ತರಕ್ಕೆ, ಪಶ್ಚಿಮಕ್ಕೆ ಹರಡುತ್ತಾ 2001ರ ಹೊತ್ತಿಗೆ ಕಕಡು ಅಭಯಾರಣ್ಯ ತಲುಪಿತು, ಆಮೇಲೆ ಪಶ್ಚಿಮ ಆಸ್ಟ್ರೇಲಿಯಾ.

ಗಾತ್ರ ಕೇಳಬೇಡಿ. 2023ರ ಜನವರಿಯಲ್ಲಿ ಕಾನ್ವೇ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಸಿಕ್ಕಿತು, 2.7 ಕೆಜಿ. ಪೇಪರಿನವರು ಟೋಡ್‌ಜಿಲ್ಲಾ ಅಂದರು. ನಮ್ಮ ಕಡೆ ನಾಟಿ ಕೋಳಿಯೇ ಅಷ್ಟು ತೂಗಲ್ಲ.

ಇಲ್ಲಿಯ ಪ್ರಾಣಿಗಳಿಗೆ ನೆಲಗಪ್ಪೆ ಜಾತಿಯೇ ಗೊತ್ತಿರಲಿಲ್ಲ. ಕ್ವೋಲ್ ಅಂತ ಬೆಕ್ಕಿನ ಹಾಗಿರುವ ಚುಕ್ಕಿ ಪ್ರಾಣಿ, ದೊಡ್ಡ ಉಡಗಳು, ಕಪ್ಪೆ ತಿಂದು ರಾಶಿ ರಾಶಿ ಸತ್ತವು. ಈಗ ವಿಜ್ಞಾನಿಗಳು ವಾಕರಿಕೆ ಬರುವ ಔಷಧ ಬೆರೆಸಿದ ಕಪ್ಪೆ ಮಾಂಸದ ಸಾಸೇಜ್ ತಿನ್ನಿಸಿ ಕ್ವೋಲ್‌ಗಳಿಗೆ ಇದು ಬೇಡಪ್ಪ ಅಂತ ಕಲಿಸುತ್ತಾರೆ. ಹಟ್ಟಿ ಡಾಕ್ಟ್ರೇ, ಕರಿಯನಿಗೂ ಅದೇ ಪಾಠ ಆಗಿರಬೇಕು.

ಅಡಕೆ_ಅಣ್ಣಪ್ಪ
ಅದು ಹೊರದೇಶದ ಕಪ್ಪೆ ಗೌಡ್ರೇ. ನಾನು ಹೇಳಿದ್ದು ಇಲ್ಲಿಯದನ್ನು ಇಲ್ಲೇ ಬಿಡುವುದು. ಎರಡೂ ಒಂದೇ ಹೇಗೆ?

ಟೌನ್ಸ್‌ವಿಲ್_ಗೌಡ
ಒಂದೇ ಅಲ್ಲ, ಒಪ್ಪಿದೆ. ಆದರೆ ನಿಮ್ಮ ಈ ಕಪ್ಪೆಯೂ ಇನ್ನೊಬ್ಬರ ಮನೆಗೆ ಹೋಗಿ ಅದೇ ಕೆಲಸ ಮಾಡುತ್ತಿದೆ. ಮಡಗಾಸ್ಕರಿನ ಟೊಮಾಸಿನ ಬಂದರಿನ ಹತ್ತಿರ 2014ರಲ್ಲಿ ಕಾಣಿಸಿಕೊಂಡಿತು, ಏಷ್ಯಾದಿಂದ ಸರಕಿನ ಜೊತೆ ಹೋದದ್ದು. ಅಲ್ಲಿಯ ಹಾವು, ಹಲ್ಲಿಗಳಿಗೂ ಈ ವಿಷ ತಡೆಯುವ ಶಕ್ತಿ ಇಲ್ಲ.

ಕಾಡುದಾರಿ
ಶಶಿಯವರ ಪಕ್ಕದ ಮನೆಯವರ ಮಾತಿಗೂ ಇದಕ್ಕೂ ಸಂಬಂಧ ಇದೆ. ನಮ್ಮಲ್ಲಿ ಕೇರೆಹಾವು, ನಾಗರಹಾವು ನೆಲಗಪ್ಪೆ ನುಂಗಿ ಆರಾಮಾಗಿರುತ್ತವೆ. ಈ ವಿಷ ಕೆಲಸ ಮಾಡುವುದು ಜೀವಕೋಶದಲ್ಲಿ ಸೋಡಿಯಂ ಹೊರಹಾಕುವ ಒಂದು ಪಂಪಿನ ಮೇಲೆ. ನಮ್ಮ ಕಡೆಯ ಹಾವುಗಳು ಲಕ್ಷಾಂತರ ವರ್ಷ ನೆಲಗಪ್ಪೆ ಜೊತೆಗೇ ಬದುಕಿವೆ, ಕೆಲವುದರಲ್ಲಿ ಆ ಪಂಪು ಚೂರು ಬದಲಾಗಿ ವಿಷ ಅಂಟುವುದಿಲ್ಲ. ನಮ್ಮ ಉಡಕ್ಕೂ ಈ ಶಕ್ತಿ ಇದೆ, ಆಸ್ಟ್ರೇಲಿಯಾದ ಉಡಕ್ಕೆ ಇಲ್ಲ. ಒಂದೇ ಮನೆತನದ ಪ್ರಾಣಿಗಳು, ಒಂದಕ್ಕೆ ಊಟ, ಇನ್ನೊಂದಕ್ಕೆ ಸಾವು.

ಈಗ ಅಣ್ಣಪ್ಪನವರಿಗೆ. ನಾನು ಸಕಲೇಶಪುರದ ಕಡೆ ರಾತ್ರಿ ಕಪ್ಪೆ ನೋಡಲು ತಿರುಗುವವನು, ಕಾಡಿನ ಅಂಚಿನ ತೋಟಕ್ಕೆ ನೆಲಗಪ್ಪೆ ತಂದು ತುಂಬುವುದು ನನಗೆ ಸರಿ ಕಾಣುವುದಿಲ್ಲ. ಇದು ಮನುಷ್ಯರ ಬೆನ್ನು ಹತ್ತಿ ಬರುವ ಪ್ರಾಣಿ. ಬೀದಿದೀಪ, ಚರಂಡಿ, ಗದ್ದೆ, ಸೈಟು, ಇವೇ ಅದರ ಊರು. ದಟ್ಟ ಕಾಡಿನೊಳಗೆ ಸಾಮಾನ್ಯವಾಗಿ ಇರುವುದಿಲ್ಲ. ಕಾಡಿನಲ್ಲಿ ಇದು ಜಾಸ್ತಿ ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟ, ಅಲ್ಲಿ ಯಾರೋ ಕಾಡು ತೆರೆದಿದ್ದಾರೆ ಅಂತ ಅರ್ಥ. ಅಪಾಯದ ಪಟ್ಟಿಯಲ್ಲಿ ಇದಕ್ಕೆ ಕಳವಳವಿಲ್ಲ ಅನ್ನುವ ದರ್ಜೆ. ಕಳವಳ ಪಡಬೇಕಾದದ್ದು ಇದರ ದಾಯಾದಿಗಳ ಬಗ್ಗೆ. ಮಲಬಾರ್ ಮರ ನೆಲಗಪ್ಪೆ ಅಂತ ಒಂದಿದೆ, ಹೆಬ್ಬೆರಳಿಗಿಂತ ಕೊಂಚ ದೊಡ್ಡದು, ಮರದ ಪೊಟರೆಯಲ್ಲಿ ಇದ್ದು ಮಳೆ ಶುರುವಾದಾಗ ಮಾತ್ರ ತೊರೆಗೆ ಇಳಿಯುತ್ತದೆ. ತೊರೆಗೆ ಪೈಪು ಹಾಕಿದರೆ ಅದರ ಕಥೆ ಮುಗಿಯಿತು. ಇನ್ನೊಂದು, 1937ರಲ್ಲಿ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಸಿ.ಆರ್. ನಾರಾಯಣ ರಾವ್ ನಮ್ಮ ಕೆಂಪುಹೊಳೆಯಲ್ಲಿ ಹಿಡಿದು ವಿವರಿಸಿದ ಮೋಟು ಮೂತಿಯ ನೆಲಗಪ್ಪೆ. ಅವರು ಇಟ್ಟಿದ್ದ ಮೂಲ ಮಾದರಿಗಳೂ ಕಳೆದುಹೋಗಿವೆ. ಈಗಿರುವ ಸ್ಥಿತಿ ಹೇಳುವಷ್ಟು ಮಾಹಿತಿಯೇ ಇಲ್ಲದ ಜಾತಿ ಅದು. ನಾನು ಕೆಂಪುಹೊಳೆ ಕಡೆ ಹೋದಾಗಲೆಲ್ಲ ಟಾರ್ಚು ಹಿಡಿದು ಎಲೆ ಸರಿಸುತ್ತೇನೆ, ಸಿಗುವುದು ಶಶಿಯವರ ಮನೆಯದ್ದೇ.

ಗದ್ದೆಬದು
ಕಾಡುದಾರಿಯವರೇ, ನಿಮಗೆ ಅಪರೂಪದ್ದು ಮಾತ್ರ ಕಪ್ಪೆ. ನಮಗೆ ದಿನಾ ಸಿಗುವುದೂ ಕಪ್ಪೆಯೇ. ಮೊದಲು ಸಾಮಾನ್ಯ ಅಂದುಕೊಂಡಿದ್ದ ಗೊಂಕರು ಕಪ್ಪೆಯ ತೊಡೆ ಹಡಗು ತುಂಬ ವಿದೇಶಕ್ಕೆ ಹೋಯಿತು, ಕೊನೆಗೆ 1987ರಲ್ಲಿ ಸರ್ಕಾರ ರಫ್ತು ನಿಲ್ಲಿಸಬೇಕಾಯಿತು. ಕಳವಳವಿಲ್ಲ ಅಂತ ಬರೆದಿದ್ದಾರೆ ಅಂತ ಕಳವಳ ಬಿಡಬೇಕಾ?

ಕಾಡುದಾರಿ
ಬಿಡಿ ಅಂದಿಲ್ಲ ಮಾರಾಯ್ರೆ. ಹಿಡಿದು ಸಾಗಿಸಬೇಡಿ ಅಂದೆ. ಅಣ್ಣಪ್ಪನವರು ತೋಟದಲ್ಲಿ ಒಂದು ಸಣ್ಣ ಹೊಂಡ ಬಿಟ್ಟು, ಬದುವಿನಲ್ಲಿ ಕಲ್ಲು ಒಟ್ಟಿ, ಕಳೆನಾಶಕ ಕಡಿಮೆ ಮಾಡಿದರೆ ಬೇಕಾದ್ದು ತಾನೇ ಬರುತ್ತದೆ. ಹೊತ್ತು ತಂದರೆ ಅದರ ಜೊತೆ ರೋಗವೂ ಬರಬಹುದು.

ಅಡಕೆ_ಅಣ್ಣಪ್ಪ
ಹೊಂಡ ಬಿಟ್ಟರೆ ನಾಲ್ಕು ಅಡಕೆ ಮರದ ಜಾಗ ಹೋಗುತ್ತದೆ. ನೋಡೋಣ.

ರಾತ್ರಿ_ಬುಲೆಟ್
ರಸ್ತೆ ಬಗ್ಗೆ ಯಾರೂ ಮಾತೇ ಆಡುತ್ತಿಲ್ಲ. ಹೋದ ತಿಂಗಳು ಮೊದಲ ಜೋರು ಮಳೆ ರಾತ್ರಿ ಚಾಮರಾಜನಗರದಿಂದ ಬರುತ್ತಿದ್ದೆ. ಕೆರೆ ಏರಿಯ ಪಕ್ಕ ಸುಮಾರು ಒಂದು ಕಿ.ಮೀ. ರಸ್ತೆ ತುಂಬ ನೆಲಗಪ್ಪೆ. ಅರ್ಧ ಬದುಕಿದ್ದವು, ಅರ್ಧ ಹಪ್ಪಳ. ಎಲ್ಲಾ ಕೆರೆ ಕಡೆ ಹೊರಟವು. ಮೇಷ್ಟ್ರು ಹೇಳಿದ ಹಾಗೆ ದೊಡ್ಡವೆಲ್ಲ ಹೆಣ್ಣು ಆದರೆ, ಒಂದೊಂದು ಟಯರಿನ ಕೆಳಗೂ ಸಾವಿರಾರು ಮೊಟ್ಟೆ ಹೋದ ಲೆಕ್ಕ. ಗಾಡಿ ನಿಲ್ಲಿಸಿ ಒಂದಿಪ್ಪತ್ತು ಎತ್ತಿ ಆಚೆ ಬಿಟ್ಟೆ. ಹಿಂದಿನಿಂದ ಬಂದ ಲಾರಿಯವನು ಬೈದು ಹೋದ.

ಸುಮ್ನೆ_ನೋಡುವವ
ಕಪ್ಪೆ ನೋಡಿ ಬ್ರೇಕ್ ಹಾಕಿದರೆ ಸಾಯುವುದು ನೀವು. ಲಾರಿಯವನು ಬೈದದ್ದರಲ್ಲಿ ತಪ್ಪೇನಿದೆ?

ರಾತ್ರಿ_ಬುಲೆಟ್
ಏಕಾಏಕಿ ಬ್ರೇಕ್ ಹಾಕಿ ಅಂತ ಯಾರೂ ಹೇಳಲಿಲ್ಲ. ಮಳೆ ಬರುತ್ತಿದ್ದಾಗ, ಕೆರೆ ಪಕ್ಕ, ರಾತ್ರಿ, ನಲವತ್ತರಲ್ಲಿ ಹೋದರೆ ನಿಮ್ಮ ಗಂಟೇನು ಹೋಗುತ್ತದೆ? ಕಪ್ಪೆಗೆ ಅಲ್ಲದಿದ್ದರೆ ನಿಮ್ಮ ಜೀವಕ್ಕೇ ಒಳ್ಳೆಯದು.

ಗಂಟುಮೂಟೆ
ರಸ್ತೆಗಿಂತ ನಮ್ಮ ಬಡಾವಣೆಯ ಹೊಸ ಕಾಂಕ್ರೀಟ್ ಚರಂಡಿ ದೊಡ್ಡ ಯಮ. ಎರಡು ಅಡಿ ನೇರ ಗೋಡೆ. ಒಳಗೆ ಬಿದ್ದ ನೆಲಗಪ್ಪೆಗೆ ಹತ್ತಲು ಆಗುವುದಿಲ್ಲ, ಬಿಸಿಲು ಬಂದ ಮೇಲೆ ಒಣಗಿ ಹೋಗುತ್ತದೆ. ನಾನು ಎರಡು ಕಡೆ ಹಳೇ ಹಲಗೆ ಓರೆಯಾಗಿ ಇಟ್ಟಿದ್ದೇನೆ. ಹಲಗೆ ಕದ್ದರೂ ಕದ್ದರು ಒಂದು ಸಲ. ಈಗ ಒಡೆದ ಟೈಲ್ಸ್ ಇಟ್ಟಿದ್ದೇನೆ, ಅದನ್ನು ಯಾರೂ ಮುಟ್ಟುವುದಿಲ್ಲ.

ತೆಂಕಣಗಾಳಿ
ಇಷ್ಟೆಲ್ಲ ಮಾತಾಡಿದಿರಿ, ಕಪ್ಪೆ ಮದುವೆ ಬಗ್ಗೆ ಯಾರೂ ಹೇಳಲಿಲ್ಲ! 2019ರ ಜೂನ್‌ನಲ್ಲಿ ನಮ್ಮ ಉಡುಪಿಯಲ್ಲಿ ಮಳೆ ಬಾರದೆ ವರುಣ ಮತ್ತು ವರ್ಷಾ ಅಂತ ಎರಡು ಕಪ್ಪೆಗೆ ಮದುವೆಯಾಗಿತ್ತು. ತಾಳಿ ಸಮೇತ.

ಧಾರವಾಡದ_ಪೇಡೆ
ಅದೇ ವರ್ಷ ಭೋಪಾಲದಲ್ಲಿ ಮಳೆ ಜಾಸ್ತಿ ಆಯಿತು ಅಂತ ಕಪ್ಪೆಗಳಿಗೆ ವಿಚ್ಛೇದನ ಕೊಡಿಸಿದರು. ಅಲ್ಲಿ ಮಣ್ಣಿನ ಕಪ್ಪೆ, ಜೀವನಾಂಶದ ತಂಟೆ ಇರಲಿಲ್ಲ.

ಮೇಷ್ಟ್ರು_ಬಯಾಲಜಿ
ವರ್ಷಾ ಹೆಣ್ಣು ಅಂತ ಯಾರು ಪರೀಕ್ಷೆ ಮಾಡಿದರೋ! ಶೃಂಗೇರಿಗೆ ಹೋದವರು ತುಂಗೆಯ ದಡದ ಕಪ್ಪೆ ಶಂಕರ ನೋಡಿರುತ್ತೀರಿ, ಬಿಸಿಲಲ್ಲಿ ಹೆರುತ್ತಿದ್ದ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟ ಕಥೆ. ಕಪ್ಪೆ ಹೆರುವುದಿಲ್ಲ, ಮೊಟ್ಟೆ ಇಡುತ್ತದೆ ಅಂತ ನಾನು ಅಲ್ಲಿ ಬಾಯಿಬಿಟ್ಟು ಹೆಂಡತಿಯಿಂದ ಬೈಸಿಕೊಂಡೆ.

ಸುಮ್ನೆ_ನೋಡುವವ
ಬಾದಾಮಿಯಲ್ಲಿ ಕಪ್ಪೆ ಅರಭಟ್ಟ ಇದ್ದಾನೆ, ಅವನನ್ನೂ ಕರೆಯಿರಿ.

ಮೇಷ್ಟ್ರು_ಬಯಾ‍ಲಜಿ
ಆ ಶಾಸನದಲ್ಲಿ ಕಪ್ಪೆ ಅನ್ನುವುದು ಮನುಷ್ಯನ ಹೆಸರಿನ ಭಾಗ. ಅವನು ವಟಗುಟ್ಟುವವನಲ್ಲ, ನಿಮ್ಮ ಹಾಗೆ.

ಪುಟ್ಟಿ_ಹಾಸನ
😂😂

ಹೊಸಮನೆ_ಶಶಿ
ಅಬ್ಬಾ, ನಾನು ಒಂದು ಪ್ರಶ್ನೆ ಕೇಳಿದ್ದೆ, ನೀವು ಮಡಗಾಸ್ಕರಿಗೆ ಹೋಗಿ ಬಂದಿರಿ. ಹಾವಿನ ಮಾತು ಮಾತ್ರ ಇತ್ಯರ್ಥ ಆಗಲಿಲ್ಲ. ಬರುತ್ತಾ ಇಲ್ವಾ?

ಕಾಡುದಾರಿ
ಸುಳ್ಳು ಹೇಳಲ್ಲ, ಕಪ್ಪೆ ಇರುವ ಕಡೆ ಹಾವು ಬಂದು ಹೋಗಬಹುದು. ಆದರೆ ಖಾಲಿ ಸೈಟು, ರಾಗಿ ಹೊಲ, ಇಲಿ ಎಲ್ಲ ಇರುವ ಕಡೆ ಈ ಒಂದು ಕಪ್ಪೆ ತೆಗೆದರೆ ಹಾವು ಬರುವುದು ನಿಲ್ಲುವುದಿಲ್ಲ. ಹೆಂಚಿನ ರಾಶಿಯನ್ನು ಬಾಗಿಲಿಂದ ದೂರ, ಕಾಂಪೌಂಡಿನ ಮೂಲೆಗೆ ಸರಿಸಿ. ಸರಿಸುವಾಗ ಬರಿಗೈ ಹಾಕಬೇಡಿ, ಕೋಲಿನಿಂದ ಒಂದೊಂದೇ ಎತ್ತಿ. ಬಾಗಿಲ ಕೆಳಗಿನ ಸಂದಿ ಮುಚ್ಚಿ. ಗೇಟಿನ ದೀಪ ರಾತ್ರಿಯೆಲ್ಲ ಉರಿಸಬೇಡಿ, ದೀಪಕ್ಕೆ ಹುಳ, ಹುಳಕ್ಕೆ ಕಪ್ಪೆ. ಕೆರೆಗೆ ಬಿಟ್ಟು ಬರುವುದು ಬೇಡ, ಇದು ನೀರಲ್ಲಿ ಬದುಕುವ ಕಪ್ಪೆ ಅಲ್ಲ, ಮೊಟ್ಟೆ ಇಡಲು ಮಾತ್ರ ನೀರಿಗೆ ಇಳಿಯುತ್ತದೆ.

ಹಟ್ಟಿ_ಡಾಕ್ಟ್ರು
ಏಳರಿಂದ ಹತ್ತು ಗಂಟೆ ತನಕ ಕರಿಯನನ್ನು ಕಟ್ಟಿಹಾಕಿ, ಇಲ್ಲವೇ ಬೆಲ್ಟು ಹಿಡಿದೇ ಸುತ್ತಾಡಿಸಿ. ಅದರ ನೀರಿನ ಬಟ್ಟಲು ರಾತ್ರಿ ಹೊರಗಿಡಬೇಡಿ, ಕಪ್ಪೆ ಅದರಲ್ಲಿ ಕೂತರೆ ನೀರು ಬದಲಾಯಿಸಲೇಬೇಕು.

ಹೊಸಮನೆ_ಶಶಿ
ಹತ್ತು ದಿನದ ವರದಿ. ಹೆಂಚು ಮೂಲೆಗೆ ಹೋಯಿತು, ಸಂಪಿಗೆ ಜಾಲರಿ ಬಂತು, ದೀಪ ಒಂಬತ್ತಕ್ಕೆ ಆರುತ್ತದೆ. ಯಜಮಾನಿ ಎರಡು ದಿನ ಕಾಣಲಿಲ್ಲ, ಮಗಳು ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಅತ್ತೆಯೇ ಪತ್ತೆ ಮಾಡಿದರು. ತುಳಸಿ ಕಟ್ಟೆಯ ಬುಡದಲ್ಲಿ, ನೀರು ಹಾಕುವ ಜಾಗದಲ್ಲಿ ಒತ್ತಿಕೊಂಡು ಕೂತಿದೆಯಂತೆ. ಉಪ್ಪಿನ ಮಾತು ಈಗ ಇಲ್ಲ, ತುಳಸಿ ಹತ್ತಿರ ಬಂದದ್ದನ್ನು ಓಡಿಸಬಾರದಂತೆ. ಕರಿಯ ದೂರದಿಂದ ನೋಡಿ ಮೂಗು ನೆಕ್ಕಿಕೊಂಡು ಬೇರೆ ಕಡೆ ಹೋಗುತ್ತಾನೆ.

ಪುಟ್ಟಿ_ಹಾಸನ
ಮಗಳು ಇಟ್ಟ ಹೆಸರು ಏನು ಅಂತ ಹೇಳಲೇ ಇಲ್ಲ?

ಹೊಸಮನೆ_ಶಶಿ
ಗುಂಡಣ್ಣ. ಹೆಣ್ಣು ಅಂತ ಗೊತ್ತಾದ ಮೇಲೂ ಬದಲಾಯಿಸಲು ಒಪ್ಪುತ್ತಿಲ್ಲ.